ಐದು ಮನೆಯ ಹಿಟ್ಟು

ಔಷಧವನ್ನು ಮಾತ್ರೆಯಾಗಿ ಕೊಟ್ಟಿದ್ದರೆ ಹಿರೇಗುಡ್ಡದ ಹೆಂಗಸರು ಅದರಲ್ಲಿ ಕೈಯಾಡಿಸುತ್ತಿರಲಿಲ್ಲ. ಡಾಕ್ಟರು ಹೇಳಿದ ಹಾಗೆ ಮಕ್ಕಳ ಬಾಯಿಗೆ ಹಾಕಿ, ನೀರು ಕುಡಿಸಿ ಸುಮ್ಮನಾಗುತ್ತಿದ್ದರು. ಹಿಟ್ಟಿನಲ್ಲಿ ಬೆರೆಸಿ ಕೊಡೋಣ ಎಂದು ಹಟ ಹಿಡಿದವಳು ಬನಶಂಕರಿ. ಅದೂ ಜೋಳದ ಹಿಟ್ಟು. ಮಾತ್ರೆ ಕಂಡರೆ ಓಡುವ ಮಗುವೂ ರೊಟ್ಟಿ ಕಂಡರೆ ಕೂರುತ್ತದೆ ಎಂದು ಅವಳು ಹೇಳಿದಾಗ ಧಾರವಾಡದ ಪ್ರಯೋಗಾಲಯದಲ್ಲಿ ಎಲ್ಲರೂ ತಲೆದೂಗಿದ್ದರು. ಅದೇ ಓಣಿಯಲ್ಲಿ ಹುಟ್ಟಿ ಬೆಳೆದವಳು, ಆ ಹೆಂಗಸರನ್ನು ಬಲ್ಲವಳು ಎಂದು ಅವಳ ಮಾತಿಗೆ ಒಂದು ತೂಕ ಹೆಚ್ಚೇ ಇತ್ತು. ಬಲ್ಲವಳೇನೋ ಹೌದು. ಆದರೆ ಪಿಎಚ್‌ಡಿ ಮಾಡುವಾಗ ಅದರಲ್ಲಿ ಮುಖ್ಯವಾದದ್ದನ್ನೇ ಮರೆತಿದ್ದಳು.

ಹಿರೇಗುಡ್ಡ ನೇಕಾರರ ಊರು. ಅದರ ಕೆಳಗಿನ ಓಣಿಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಂಡು, ಅವಳ ಮಗಳನ್ನು ಮತ್ತೆ ಅವಳ ತಮ್ಮನಿಗೆ ಕೊಟ್ಟು, ಸೀರೆಯ ಸೆರಗಿನಂತೆ ಸಂಬಂಧಗಳನ್ನು ಒಳಗೊಳಗೇ ನೇಯ್ದುಕೊಂಡು ಬಂದವರು. ಹಾಗಾಗಿ ಯಾವುದೋ ಮುತ್ತಜ್ಜನಲ್ಲಿ ಕೆಟ್ಟಿದ್ದ ಒಂದು ವಂಶವಾಹಿ ಊರು ಬಿಟ್ಟು ಹೋಗದೆ ಅಲ್ಲೇ ಸುತ್ತುತ್ತ ಉಳಿಯಿತು. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಅದೇ ಬಂದು ಕೂಡಿದರೆ ಮಗುವಿಗೆ ರೋಗ. ಓಡಾಡುವ ವಯಸ್ಸಿನವರೆಗೆ ಮಗು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಜ್ವರ ಬಂದು ಹೋಗುವುದೇ ನೆಪ, ಕಾಲು ಸೋಲುತ್ತವೆ. ಇನ್ನೊಂದು ಜ್ವರಕ್ಕೆ ಕತ್ತು ನಿಲ್ಲುವುದಿಲ್ಲ. ಕೊನೆಗೆ ಹೃದಯದ ಸ್ನಾಯುವೂ ಸೋಲುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಓಣಿಯಲ್ಲಿ ಅದು ‘ತುಕ್ಕಿನ ಬ್ಯಾನಿ’.

ಆ ಹೆಸರನ್ನು ಕೊಟ್ಟವಳೂ ಬನಶಂಕರಿಯೇ. ಯುಗಾದಿಯ ಸುಮಾರಿಗೆ ತಾಯಂದಿರನ್ನೆಲ್ಲ ಗುಡಿಯ ಕಟ್ಟೆಯಲ್ಲಿ ಕೂರಿಸಿಕೊಂಡು ಹೇಳಿದ್ದಳು:

“ನೋಡ್ರವ್ವಾ, ಒಲಿ ಉರದ್ರ ಕಿಡಿ ಹಾರತಾವೋ ಇಲ್ಲೋ? ಹಂಗ ನಾವು ಉಸರಾಡಿದ್ರ ಮೈಯಾಗೂ ಕಿಡಿ ಹಾರತಾವ. ಆ ಕಿಡಿ ಆರಸಾಕ ಮೈಯಾಗ ಆಳು ಅದಾವ. ಆ ಆಳಿನ ಕೈಯಾಗ ಸೆಲೆನಿಯಂ ಅನ್ನೂ ಒಂದು ಚೂರು ಧಾತು ಬೇಕು. ಈ ಮಕ್ಕಳ ಮೈಯಾಗ ಆಳು ಅರ್ಧ ಕುಂಟ. ಹಿಂಗಾಗಿ ಒಳಗ ತುಕ್ಕು ಹಿಡೀತೈತಿ. ಧಾತು ಜರಾ ಹೆಚ್ಚಿಗಿ ಕೊಟ್ರ ಕುಂಟ ಆಳೂ ಕೆಲಸ ಮಾಡತೈತಿ.”

ಯೋಜನೆ ಸರಳವಾಗಿತ್ತು. ಪ್ರತಿ ಮಗುವಿನ ಕೈಗೆ ಒಂದು ಬಳೆ. ಅದು ಚರ್ಮದ ಮೂಲಕವೇ ರಕ್ತದೊಳಗಿನ ತುಕ್ಕನ್ನು ಅಳೆದು ಧಾರವಾಡಕ್ಕೆ ಕಳಿಸುತ್ತದೆ. ಅಲ್ಲಿ ‘ಹದ’ ಎಂಬ ಯಂತ್ರ ಆ ಅಳತೆ ನೋಡಿ, ಆ ಮಗುವಿಗೆ ಬರುವ ವಾರ ಎಷ್ಟು ಸೆಲೆನಿಯಂ ಬೇಕೆಂದು ತಾನೇ ತೀರ್ಮಾನಿಸಿ, ಹಿಟ್ಟಿನಲ್ಲಿ ಬೆರೆಸಿ ಡಬ್ಬಿ ತುಂಬುತ್ತದೆ. ಮುಚ್ಚಳದ ಮೇಲೆ ಮಗುವಿನ ಫೋಟೋ. ವಾರಕ್ಕೊಮ್ಮೆ ವ್ಯಾನು ಬಂದು ಡಬ್ಬಿ ಕೊಟ್ಟು ಹೋಗುತ್ತದೆ. ಆದರೆ ಔಷಧ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಹೋಲಿಸಿ ನೋಡಬೇಕಲ್ಲ? ಅದಕ್ಕೆ ಅರ್ಧ ಮಕ್ಕಳ ಡಬ್ಬಿಯಲ್ಲಿ ಬರೀ ಹಿಟ್ಟು. ಯಾರದು ತುಂಬಿದ ಡಬ್ಬಿ, ಯಾರದು ಖಾಲಿ ಎಂಬುದು ಯಂತ್ರಕ್ಕೆ ಮಾತ್ರ ಗೊತ್ತು. ಇದನ್ನೂ ಬನಶಂಕರಿ ಕಟ್ಟೆಯ ಮೇಲೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಹಿ ಹಾಕಿದ್ದರು.

ಅವಳ ತಂಗಿ ನೀಲಾ ಕೂಡ ಸಹಿ ಹಾಕಿದವಳೇ. ನೀಲಾಳ ಮಗಳು ದಾನಮ್ಮನಿಗೂ ತುಕ್ಕಿನ ಬ್ಯಾನಿ. ಮೊದಲು ಮನೆಯವರು ಸೋದರಮಾವನಿಗೆ ಕೊಡಬೇಕೆಂದಿದ್ದದ್ದು ಬನಶಂಕರಿಯನ್ನು. ಅವಳು ಓದುತ್ತೇನೆಂದು ಧಾರವಾಡದ ಬಸ್ಸು ಹತ್ತಿದಳು. ಮಾವನ ಮದುವೆ ನಿಲ್ಲಲಿಲ್ಲ, ಹೆಣ್ಣು ಬದಲಾಯಿತು ಅಷ್ಟೆ. ದಾನಿಯನ್ನು ಉಳಿಸಲೇಬೇಕೆಂಬ ಹಟ ಬನಶಂಕರಿಯಲ್ಲಿ ಹುಟ್ಟಿದ್ದು ಅಲ್ಲಿಂದಲೇ. ಉಳಿದ ಮಕ್ಕಳ ಮೇಲೆ ಅವಳಿಗೆ ಕನಿಕರವಿತ್ತು. ಆದರೆ ಅವಳ ಜೀವ ಇದ್ದದ್ದು ದಾನಿಯ ಮೇಲೆ.

ಶ್ರಾವಣ ಬಂದರೂ ಪ್ರಯೋಗಾಲಯದ ಗೋಡೆಯ ಪರದೆಯ ಮೇಲೆ ಏನೂ ಕಾಣಲಿಲ್ಲ. ಏನೂ ಎಂದರೆ, ಮಕ್ಕಳ ತುಕ್ಕಿನ ಗೆರೆಗಳೆಲ್ಲ ಒಟ್ಟಿಗೇ ಸ್ವಲ್ಪ ಕೆಳಗಿಳಿದು ಒಟ್ಟಿಗೇ ಸಾಗುತ್ತಿದ್ದವು. ಎರಡು ಗುಂಪಾಗಿ ಒಡೆಯುವ ಲಕ್ಷಣವೇ ಇಲ್ಲ. ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಕಟ್ಟಿಯವರು ಕನ್ನಡಕ ಹಣೆಗೇರಿಸಿ ಅದನ್ನೇ ನೋಡುತ್ತ ನಿಂತರು.

“ಮಕ್ಕಳೇನೋ ಎಲ್ಲಾರೂ ಒಂಚೂರು ಸುಧಾರಿಸ್ಯಾರ್ರೀ. ಆದ್ರ ಔಷಧ ಉಂಡವರೂ ಅಷ್ಟೇ, ಬರೇ ಹಿಟ್ಟು ಉಂಡವರೂ ಅಷ್ಟೇ. ಅಂದಮ್ಯಾಲೆ ಇದು ಔಷಧದ ಗುಣ ಅಲ್ಲ. ಹೊತ್ತಿಗೆ ಸರಿಯಾಗಿ ಉಂಡಿದ್ದರ ಗುಣ, ಇಷ್ಟು ಮಂದಿ ವಿಚಾರಿಸಿಕೊಂಡಿದ್ದರ ಗುಣ.”

“ಇನ್ನೊಂದು ತಿಂಗಳು ನೋಡೋಣ್ರೀ ಸರ್.”

“ನೋಡೂಣು. ದಸರಾ ಮುಗದಕೂಡ್ಲೆ ಸಮಿತಿಯವರು ಬರ್ತಾರ. ಆವಾಗೂ ಗೆರೆ ಹಿಂಗೇ ಇದ್ರ ಯಂತ್ರ ಬಂದ್ ಮಾಡಿ ಕೀಲಿ ಕೊಡಂತಾರ. ಕೊಟ್ಟುಬಿಡೂದು.”

ಬಂದ್ ಎಂದರೆ ಡಬ್ಬಿಯೂ ಬಂದ್. ದಾನಿಗೆ ಮುಂದಿನ ಜ್ವರ ಬರುವವರೆಗೆ ಮಾತ್ರ ಕಾಲ. ಬನಶಂಕರಿ ಅಂದೇ ಹಿರೇಗುಡ್ಡಕ್ಕೆ ಹೊರಟಳು, ಬಳೆ ಸರಿಯಾಗಿ ಅಳೆಯುತ್ತಿದೆಯೋ ನೋಡಿ ಬರಲಿಕ್ಕೆ.

ತಂಗಿಯ ಮನೆಯ ಪಡಸಾಲೆಯಲ್ಲಿ ಮಗ್ಗ ನಿಂತಿತ್ತು. ಒಳಗೆ ಅಡುಗೆಮನೆಯಲ್ಲಿ ಹೆಂಗಸರ ಗಲಗಲ. ಇಣುಕಿದರೆ ನಾಲ್ಕೈದು ಜನ ತಾಯಂದಿರು ದೊಡ್ಡ ಪರಾತದ ಸುತ್ತ ಕೂತಿದ್ದಾರೆ. ಒಬ್ಬೊಬ್ಬರೂ ತಮ್ಮ ಮಗುವಿನ ಫೋಟೋ ಇದ್ದ ಡಬ್ಬಿಯನ್ನು ಅದರೊಳಗೆ ಸುರುವುತ್ತಿದ್ದಾರೆ. ನೀಲಾ ಎರಡೂ ಕೈ ಹಾಕಿ ಕಲಸುತ್ತಿದ್ದಾಳೆ. ಕಲಸಿದ್ದನ್ನು ಬಟ್ಟಲಿನಲ್ಲಿ ಅಳೆದು ಎಲ್ಲರ ಡಬ್ಬಿಗೂ ಸಮನಾಗಿ ಹಾಕುತ್ತಿದ್ದವಳು ರುದ್ರವ್ವ. ಅವಳು ಎದುರು ಮನೆಯವಳು, ಗಂಡ ಸತ್ತವಳು, ಮಲ್ಲು ಎಂಬ ಒಬ್ಬನೇ ಮಗನ ತಾಯಿ.

ಬನಶಂಕರಿಗೆ ಮರೆತಿದ್ದದ್ದು ನೆನಪಾಯಿತು. ಬಹಳ ದಿನ ಮಲಗಿದ ಮಗುವಿಗೆ ಐದು ಮನೆಯ ಹಿಟ್ಟು ಉಣ್ಣಿಸುವುದು ಆ ಓಣಿಯ ಪದ್ಧತಿ. ತಾಯಿ ಮೊರ ಹಿಡಿದು ಐದು ಮನೆಗೆ ಹೋಗಿ ಒಂದೊಂದು ಹಿಡಿ ಹಿಟ್ಟು ಬೇಡಿ ತಂದು ಕೂಡಿಸಿ ರೊಟ್ಟಿ ತಟ್ಟಬೇಕು. ಅವಳೇ ಸಣ್ಣವಳಿದ್ದಾಗ ಕಾಮಾಲೆಯಾಗಿ ಮಲಗಿದ್ದಾಗ ಅವ್ವ ಹಾಗೆ ಬೇಡಿ ತಂದ ರೊಟ್ಟಿ ತಿಂದಿದ್ದಳು.

“ಏನ್ ಮಾಡಾಕತ್ತೀರಿ ನೀವೆಲ್ಲ?” ಎಂದು ಅವಳು ಕಿರುಚಿದ್ದಕ್ಕೆ ಹೆಂಗಸರು ಬೆಚ್ಚಿದರು. ನೀಲಾ ಮಾತ್ರ ಕೈ ನಿಲ್ಲಿಸಲಿಲ್ಲ.

“ಕಾಣಂಗಿಲ್ಲೇನಕ್ಕಾ? ಹಿಟ್ಟು ಕೂಡಸಾಕತ್ತೀವಿ.”

“ಯಾವಾಗಿನಿಂದ?”

“ಮೊದಲ್ನೇ ಡಬ್ಬಿ ಬಂದಾಗಿನಿಂದ.”

“ಒಬ್ಬೊಬ್ಬರ ಡಬ್ಬಿ ಒಬ್ಬೊಬ್ಬರಿಗೆ ಅಂತ ಬಡಕೊಂಡಿದ್ನಲ್ಲ!”

“ಬಡಕೊಂಡಿದ್ದಿ,” ಎಂದಳು ನೀಲಾ. “ಆದ್ರ ಯಾರದೋ ಡಬ್ಬ್ಯಾಗ ಔಷಧ ಇಲ್ಲಂತನೂ ಹೇಳಿದ್ದಿ. ಒಂದು ಕಣ್ಣಿಗಿ ಬೆಣ್ಣಿ, ಒಂದು ಕಣ್ಣಿಗಿ ಸುಣ್ಣ ಹಚ್ಚಾಕ ನಾವೇನು ಮಲತಾಯೇರೇನು? ನನ್ನ ಮಗಳು ಉಂಡು ಎದ್ದು ಕುಣದ್ರ, ಎದುರ ಮನ್ಯಾಗ ಮಲ್ಲು ಮಲಕೊಂಡು ನೋಡಬೇಕು? ನನಗ ಆ ರೊಟ್ಟಿ ಗಂಟಲದಾಗ ಇಳೀತೈತೇನು?”

ಮೂಲೆಯಲ್ಲಿ ಕೂತಿದ್ದ ಮುದುಕಿ ಗುರುಸಿದ್ದವ್ವ ಬಾಯಿ ಹಾಕಿದಳು. ಅವಳು ಈ ಅಕ್ಕತಂಗಿಯರ ಅಜ್ಜಿ, ಮದುವೆಯಿಂದ ನೀಲಾಳಿಗೆ ಅತ್ತೆಯೂ ಹೌದು. ಇಡೀ ಓಣಿಗೆ ಆಯಿ.

“ಐದು ಮನಿ ಹಿಟ್ಟು ಉಂಡ ಕೂಸಿನ ಗುರುತು ಸಾವಿಗೆ ಹತ್ತಂಗಿಲ್ಲವ್ವಾ. ಇದು ಯಾರ ಮನೀದು ಅಂತ ತಿಳೀಲಾರದ ಹೊಳ್ಳಿ ಹೋಗತೈತಿ. ಈ ವರ್ಷ ಓಣ್ಯಾಗ ಒಂದು ಕೂಸಾದ್ರೂ ಹೋತೇನು, ಹೇಳು.”

ಹೋಗಿರಲಿಲ್ಲ. ಅದು ನಿಜ. ಹಿಂದಿನ ಯಾವ ವರ್ಷವೂ ಹಾಗಿರಲಿಲ್ಲ. ಬನಶಂಕರಿ ಆ ಮಾತನ್ನು ಕೇಳಿಸಿಕೊಂಡಳು, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಅರ್ಧ ಔಷಧಕ್ಕೇ ಇಷ್ಟು ಗುಣವಾದರೆ ಪೂರ್ತಿ ಔಷಧಕ್ಕೆ ಎಷ್ಟಾಗಬೇಡ ಎಂದು ಅವಳ ಲೆಕ್ಕ ಓಡುತ್ತಿತ್ತು. ಸಾವಿಗೆ ಗುರುತು ಸಿಗದಂತೆ ಮಾಡಿದವರು ಯಂತ್ರಕ್ಕೂ ಗುರುತು ಸಿಗದಂತೆ ಮಾಡಿಟ್ಟಿದ್ದರು. ಇದು ಹೀಗೇ ನಡೆದರೆ ದಸರೆಯ ನಂತರ ಯಾರಿಗೂ ಏನೂ ಸಿಗುವುದಿಲ್ಲ.

ಆದರೆ ಕೂಡಿಸುವುದನ್ನು ನಿಲ್ಲಿಸಿ ಎಂದು ಹೇಳುವ ಮುಂಚೆ ಅವಳಿಗೆ ಒಂದು ಸಂಗತಿ ತಿಳಿಯಬೇಕಿತ್ತು. ನಿಲ್ಲಿಸಿದ ಮೇಲೆ ದಾನಿಯ ಪಾಲಿಗೆ ಬರುವುದು ಯಾವ ಡಬ್ಬಿ?

ಮರುದಿನ ಧಾರವಾಡದಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಅವಳು ಯಂತ್ರದ ಕೋಣೆಗೆ ಹೋದಳು. ಕೆಟ್ಟರೆ ರಿಪೇರಿ ಮಾಡಲೆಂದು ಕೊಟ್ಟಿದ್ದ ಪಾಸ್‌ವರ್ಡ್ ಅವಳ ಹತ್ತಿರ ಇತ್ತು. ನೋಡಬಾರದ್ದನ್ನು ನೋಡಿದಳು. ದಾನಮ್ಮ, ತುಂಬಿದ ಡಬ್ಬಿ. ಎದೆ ಹಗುರಾಯಿತು. ಅಲ್ಲಿಗೇ ಕಣ್ಣು ಮುಚ್ಚಿ ಎದ್ದು ಬರಬಹುದಿತ್ತು. ಮನುಷ್ಯರ ಕಣ್ಣು ಹಾಗೆಲ್ಲ ಮಾತು ಕೇಳುವುದಿಲ್ಲ. ಕೆಳಗಿನ ಸಾಲಿನಲ್ಲಿ ಮಲ್ಲಿಕಾರ್ಜುನ, ಖಾಲಿ ಎಂದಿತ್ತು. ಅದನ್ನೂ ಓದಿದಳು.

ಆ ವಾರವೇ ಮತ್ತೆ ಗುಡಿಯ ಕಟ್ಟೆಯ ಮೇಲೆ ತಾಯಂದಿರನ್ನು ಸೇರಿಸಿದಳು. ಬೇಡಿಕೊಂಡಳು, ಬೈದಳು, ಅತ್ತಳು. ಈಗ ಕೂಡಿಸಿದರೆ ಎಲ್ಲರಿಗೂ ತಪ್ಪುತ್ತದೆ, ಎರಡೇ ತಿಂಗಳು ತಡೆದರೆ ಎಲ್ಲ ಮಕ್ಕಳಿಗೂ ಜೀವನಪೂರ್ತಿ ಔಷಧ ಸಿಗುತ್ತದೆ ಎಂದಳು. ಅದು ಸುಳ್ಳೇನಲ್ಲ. ಕೊನೆಗೆ ದೇವಿಯ ಕುಂಕುಮ ಮುಟ್ಟಿ ಆಣೆ ಹಾಕಬೇಕೆಂದಳು. ಓದಿದವಳು ಆಣೆ ಹಾಕಿಸುತ್ತಿದ್ದಾಳೆಂದರೆ ವಿಷಯ ಭಾರಿ ಇರಬೇಕು ಎಂದುಕೊಂಡು ಒಬ್ಬೊಬ್ಬರೇ ಎದ್ದು ಬಂದರು.

ರುದ್ರವ್ವ ಕೈ ಮುಂದೆ ಚಾಚಿ, ಕುಂಕುಮ ಮುಟ್ಟದೆ ನಿಂತಳು.

“ಅಕ್ಕಾ, ನೀ ಶಾಣ್ಯಾಕಿ. ನಿನ್ನ ಮಾತಿನ ಮ್ಯಾಲ ಮಾಡತೀನಿ. ಒಂದ ಮಾತು ಹೇಳು. ನನ್ನ ಮಲ್ಲೂನ ಡಬ್ಬ್ಯಾಗ ಔಷಧ ಐತೋ, ಇಲ್ಲೋ?”

“ನನಗೂ ಗೊತ್ತಿಲ್ಲವ್ವಾ,” ಎಂದಳು ಬನಶಂಕರಿ. “ಯಂತ್ರಕ್ಕಷ್ಟ ಗೊತ್ತು.”

ರುದ್ರವ್ವ ಕುಂಕುಮ ಮುಟ್ಟಿ, ಅದೇ ಬೆರಳನ್ನು ಹಣೆಗೆ ಒತ್ತಿಕೊಂಡಳು.

ಗಣಪತಿ ಹಬ್ಬದ ಹೊತ್ತಿಗೆ ಗೆರೆಗಳು ಒಡೆದವು. ಅರ್ಧ ಕೆಳಗಿಳಿದವು, ಅರ್ಧ ಮೇಲೆ ಹತ್ತಿದವು. ನಡುವೆ ಇಷ್ಟಗಲ ಬಯಲು. ಕಟ್ಟಿಯವರು ಚಪ್ಪಾಳೆ ತಟ್ಟಿದರು, ಲೈನ್ ಬಜಾರಿನಿಂದ ಪೇಢೆ ತರಿಸಿದರು. ಹಿರೇಗುಡ್ಡದಿಂದ ನೀಲಾ ಫೋನು ಮಾಡಿ, ದಾನಿ ಗಣಪ್ಪನ ಮುಂದೆ ಓಡಿದಳು, ನಡೆದದ್ದಲ್ಲ, ಓಡಿದಳು ಎಂದು ನಕ್ಕಳು, ಅತ್ತಳು. ಫೋನಿನಲ್ಲಿ ದಾನಿಯ ದನಿಯೂ ಕೇಳಿತು. “ದೊಡ್ಡವ್ವಾ, ನಾ ಮಲ್ಲೂನ ಹಿಂದ ಹಾಕಿದ್ನಿ!”

ಮಲ್ಲುವನ್ನು ಹಿಂದೆ ಹಾಕುವುದು ಆಗ ದೊಡ್ಡ ಕೆಲಸವೇನಾಗಿರಲಿಲ್ಲ. ಅವನು ಮತ್ತೆ ಗೋಡೆ ಹಿಡಿದು ನಡೆಯುತ್ತಿದ್ದ. ಪಕ್ಷಮಾಸದಲ್ಲಿ ಅವನಿಗೆ ಜ್ವರ ಬಂತು. ಪರದೆಯ ಮೇಲೆ ಅವನ ಗೆರೆ ಮೇಲೆ ಹೋಗುವುದನ್ನು ಬನಶಂಕರಿ ಪೂರ್ತಿ ಎರಡು ದಿನ ನೋಡಿದಳು. ತಡೆಯಲಾರದೆ ಕಟ್ಟಿಯವರ ಕೋಣೆಗೆ ಹೋದಳು.

“ಸರ್, ಆ ಮಲ್ಲಿಕಾರ್ಜುನ ಅನ್ನೂ ಹುಡುಗನಿಗೆ ತುಂಬಿದ ಡಬ್ಬಿ ಕೊಟ್ಟುಬಿಡೋಣ್ರೀ. ಉಳೀತಾನ.”

ಕಟ್ಟಿಯವರು ತಲೆ ಎತ್ತಿ ನಿಧಾನವಾಗಿ ಕೇಳಿದರು. “ಅವನ ಡಬ್ಬಿ ಖಾಲಿ ಅನ್ನೂದು ನಿಮಗ ಹ್ಯಾಂಗ ಗೊತ್ತು?”

ಅವಳು ಬಾಯಿ ತೆರೆದಳು. ನೋಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಪ್ರಯೋಗ ಅಲ್ಲಿಗೇ ಕೆಡುತ್ತದೆ, ಯಂತ್ರ ನಿಲ್ಲುತ್ತದೆ, ದಾನಿಯ ಡಬ್ಬಿಯೂ ನಿಲ್ಲುತ್ತದೆ.

“ಗೆರೆ ನೋಡಿದ್ರ ಹಂಗ ಅನಸ್ತದ್ರೀ,” ಎಂದಳು.

“ಅನಸೂದ್ರ ಮ್ಯಾಲೆ ಮಾಡಲಿಕ್ಕೆ ಬರೂದಿಲ್ರೀ. ಆಂವ ತುಂಬಿದ ಡಬ್ಬಿಯವನೇ ಇದ್ದು, ನಾವು ಇನ್ನಷ್ಟು ಕೊಟ್ಟು ಕೊಂದ್ರ?”

ಮಲ್ಲು ಅಮಾವಾಸ್ಯೆಗೆ ಮುಂಚೆಯೇ ತೀರಿಕೊಂಡ. ಪರದೆಯಲ್ಲಿ ಅವನ ಗೆರೆ ನಿಂತುಹೋಯಿತು. ಬಳೆ ಬಿಚ್ಚಿ ತರಲು ವ್ಯಾನಿನ ಜೊತೆ ಹೋಗಬೇಕಾಗಿದ್ದವಳು ಬನಶಂಕರಿ. ತಲೆನೋವೆಂದು ಹೇಳಿ ಇನ್ನೊಬ್ಬರನ್ನು ಕಳಿಸಿದಳು. ಅವರು ಬಳೆಯನ್ನು ತಂದು ಮೇಜಿನ ಮೇಲಿಟ್ಟು, ಆ ತಾಯಿ ಚಹಾ ಕುಡಿಸದೆ ಬಿಡಲಿಲ್ಲ ಮೇಡಂ ಎಂದರು.

ದಸರೆ ಬಂತು. ಓಣಿಯಲ್ಲಿ ದೇವಿಯ ಕಳಸ ಕೂರಿಸಿ ಘಟ್ಟ ಹಾಕಿದರು. ಆ ಒಂಬತ್ತು ದಿನ ಈರುಳ್ಳಿ, ಬೆಳ್ಳುಳ್ಳಿ ಮನೆಯ ಹೊಸಿಲು ದಾಟುವುದಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ನೀಲಾಳ ಫೋನು.

“ಅಕ್ಕಾ, ದಾನೀ ಬಾಯಾಗ ಬಳ್ಳೊಳ್ಳಿ ನಾತ ಬರಾಕತ್ತೈತಿ. ಆಯಿ ಬೆನ್ನಿಗಿ ಎರಡು ಗುದ್ದಿದ್ಲು, ದೇವಿ ಘಟ್ಟಾ ಹಾಕಿದಾಗ ಯಾರ ಮನ್ಯಾಗ ಕದ್ದು ತಿಂದಿ ಅಂತ. ಕೂಸು ತಿಂದಿಲ್ಲ ತಿಂದಿಲ್ಲ ಅಂತ ಒಂದ ಸವನ ಅಳತೈತಿ. ಉಪ್ಪುನೀರು ಮುಕ್ಕಳಸಿದ್ರೂ ಹೋಗವಲ್ದು.”

ಬನಶಂಕರಿ ಸಮಿತಿಯ ಮುಂದಿಡಬೇಕಾದ ವರದಿ ತಿದ್ದುತ್ತಿದ್ದಳು. ನಕ್ಕಳು. “ತಿಂದಿರತಾಳ ಬಿಡ. ಯಾರರೆ ಸಾಬರ ಓಣ್ಯಾಗ ಚಟ್ನಿ ಕೊಟ್ಟಿರತಾರ. ಓಡ್ಯಾಡೂ ಕೂಸು, ಎಲ್ಲೆ ಹೊಕ್ಕಿರತಾಳೋ ಏನೋ. ಹೊಡೀಬ್ಯಾಡ ಅನ್ನು ಆಯಿಗೆ.”

ಮೈಯಲ್ಲಿ ಸೆಲೆನಿಯಂ ಹೆಚ್ಚಾದರೆ ಉಸಿರು ಬೆಳ್ಳುಳ್ಳಿ ನಾರುತ್ತದೆ. ಇದನ್ನು ಅವಳು ಎಂ.ಎಸ್ಸಿ. ಮೊದಲ ವರ್ಷದಲ್ಲೇ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎನ್ನುವುದು ಸುಮ್ಮನೆ ಅಲ್ಲ. ಅದೂ ಅಲ್ಲದೆ, ಗೆದ್ದೆನೆಂದು ತಿಳಿದ ಮನುಷ್ಯನಿಗೆ ಮೂಗು, ಕಿವಿ ಎರಡೂ ಕೆಲಸ ಮಾಡುವುದಿಲ್ಲ.

ಎರಡು ದಿನ ಬಿಟ್ಟು ಮತ್ತೆ ಫೋನು. ದಾನಿ ಎದ್ದು ಕೂರುತ್ತಿಲ್ಲ. ಬಾಚಣಿಗೆಯಲ್ಲಿ ಕೂದಲು ಕಂತೆ ಕಂತೆ ಬರುತ್ತಿದೆ. ಬಳೆ ಕೆಂಪಗೆ ಮಿನುಗುತ್ತಿದೆ. ಬನಶಂಕರಿ ಪರದೆ ನೋಡಿದಳು. ದಾನಿಯ ಗೆರೆ ತಳ ಮುಟ್ಟಿ ಮೇಲೇಳುತ್ತಿತ್ತು. ಒಳಜ್ವರದ ತುಕ್ಕು ಇರಬೇಕು ಎಂದುಕೊಂಡಳು. ಯಂತ್ರವೂ ಹಾಗೇ ಅಂದುಕೊಂಡು ಡಬ್ಬಿಯಲ್ಲಿ ಸೆಲೆನಿಯಂ ಹೆಚ್ಚಿಸಿತ್ತು. ಹೊಸ ಡಬ್ಬಿ ಆಗಲೇ ಊರು ಮುಟ್ಟಿತ್ತು.

“ಅಕ್ಕಾ, ನನಗ್ಯಾಕೋ ಅಂಜಿಕಿ ಆಗತೈತಿ,” ಎಂದಳು ನೀಲಾ. “ಒಂದ, ಒಂದ ಹಿಡಿ ಬ್ಯಾರೆ ಮನಿ ಹಿಟ್ಟು ಕೂಡಸಲೇನು?”

“ಆಣಿ ಹಾಕಿದ್ದು ಮರತೇನು? ಇನ್ನೊಂದು ವಾರ ತಡಿ. ಡಬ್ಬೀದು ಒಂದು ಚೂರೂ ಬಿಡಲಾರದಂಗ ತಿನಸು.”

ನೀಲಾ ತಿನ್ನಿಸಿದಳು. ರೊಟ್ಟಿ ಒಲ್ಲೆನೆಂದರೆ ಗಂಜಿ ಮಾಡಿ, ಮೂಗು ಹಿಡಿದು, ಚಮಚದಲ್ಲಿ.

ಆಯುಧಪೂಜೆಯ ದಿನ ಅದೇ ಓಣಿಯ ಒಬ್ಬ ತಂದೆ ತನ್ನ ಮಗನನ್ನು ಧಾರವಾಡಕ್ಕೇ ಕರೆದುಕೊಂಡು ಬಂದ. ತುಂಬಿದ ಡಬ್ಬಿಯ ಹುಡುಗ. ಗೆರೆ ಬಹಳ ಚೆನ್ನಾಗಿದ್ದವನು. ಬನಶಂಕರಿ ಅವನ ಕೈ ಹಿಡಿದು ನೋಡಿದರೆ ಹೆಬ್ಬೆರಳಿನ ಉಗುರು ಬುಡದಿಂದ ಸಡಿಲವಾಗಿ ಅಲ್ಲಾಡುತ್ತಿತ್ತು. ಹುಡುಗ ಅಯ್ಯೋ ಎಂದ. ಅವನ ಉಸಿರು ಅವಳ ಮುಖಕ್ಕೆ ಬಡಿಯಿತು. ಬೆಳ್ಳುಳ್ಳಿ.

ಅವಳು ಯಂತ್ರದ ಕೋಣೆಗೆ ಓಡಿದಳು. ಈ ಸಲ ಕದ್ದು ನೋಡಬೇಕೆನ್ನಿಸಲಿಲ್ಲ, ಕಟ್ಟಿಯವರ ಎದುರಿಗೇ ಎಲ್ಲ ತೆರೆದಳು, ಹೆಂಗಸರು ಹಿಟ್ಟು ಕೂಡಿಸುತ್ತಿದ್ದದ್ದನ್ನೂ ಹೇಳಿದಳು. ಅಂಕಿಗಳು ಸಾಲಾಗಿ ನಿಂತಿದ್ದವು. ಅವನ್ನು ಓದಲು ವಿಜ್ಞಾನಿಯೇ ಬೇಕಿರಲಿಲ್ಲ. ಯುಗಾದಿಯಿಂದ ಶ್ರಾವಣದವರೆಗೆ ಯಂತ್ರ ಎಷ್ಟು ಹಾಕಿದರೂ ಮಗುವಿಗೆ ತಲುಪುತ್ತಿದ್ದದ್ದು ಅರ್ಧ. ಸಾಲದೆಂದು ಅದು ಹಾಕುತ್ತ ಹಾಕುತ್ತ ಎರಡು ಮಕ್ಕಳಿಗಾಗುವಷ್ಟನ್ನು ಒಂದೊಂದು ತುಂಬಿದ ಡಬ್ಬಿಗೂ ಹಾಕುವ ಹದಕ್ಕೆ ಬಂದು ನಿಂತಿತ್ತು. ಕೂಡಿಸಿ ಹಂಚಿದಾಗ ಅದು ಎಲ್ಲರಿಗೂ ಸರಿಹೋಗುತ್ತಿತ್ತು. ಆಣೆಯಾದ ಮೇಲೆ ದಾನಿ ತನ್ನ ಪಾಲನ್ನೂ ಉಂಡಳು, ಮಲ್ಲುವಿನ ಪಾಲನ್ನೂ ಉಂಡಳು. ಸೆಲೆನಿಯಂ ಕಡಿಮೆಯಾದರೆ ಮೈ ತುಕ್ಕು ಹಿಡಿಯುತ್ತದೆ. ಅತಿಯಾದರೆ ಅದೇ ಕಿಡಿ ಹಚ್ಚಿ ಇನ್ನೂ ಜೋರಾಗಿ ತುಕ್ಕು ಹಿಡಿಸುತ್ತದೆ. ಬಳೆಗೆ ತುಕ್ಕು ಕಾಣುತ್ತಿತ್ತೇ ಹೊರತು ಅದು ಯಾವ ಕಡೆಯಿಂದ ಬಂದದ್ದೆಂದು ಕಾಣುತ್ತಿರಲಿಲ್ಲ. ತುಕ್ಕು ಕಂಡರೆ ಇನ್ನಷ್ಟು ಹಾಕು ಎಂದಷ್ಟೇ ಯಂತ್ರಕ್ಕೆ ಕಲಿಸಿದ್ದರು, ಇಳಿದರೆ ಕಡಿಮೆ ಮಾಡು ಎಂದಲ್ಲ. ಒಂದು ಮೇಲ್ಮಿತಿಯೇನೋ ಇತ್ತು, ಆದರೆ ಅದು ಗಟ್ಟಿಮುಟ್ಟಾದ ಮಕ್ಕಳ ಲೆಕ್ಕದ್ದು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಗೊತ್ತಿಲ್ಲದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಅವಳು ಅಲ್ಲಿಂದಲೇ ತಂಗಿಗೆ ಫೋನು ಮಾಡಿದಳು.

“ನೀಲಾ, ಆ ಡಬ್ಬಿ ಹಿಟ್ಟು ಕೊಡಬ್ಯಾಡ! ಒಂದು ಚಮಚಾನೂ ಕೊಡಬ್ಯಾಡ. ನಾ ಗಾಡಿ ತಗೊಂಡು ಬರಾಕತ್ತೀನಿ, ದವಾಖಾನಿಗಿ ಒಯ್ಯೋಣು.”

“ಈ ಗಂಜಿ ಬಿಟ್ರ ಬ್ಯಾರೆ ಏನೂ ಒಲ್ಲೆ ಅಂತಾಳಕ್ಕಾ. ಇದರ ರುಚಿ ಬಾಯಿಗಿ ಹತ್ತೈತಿ. ಬ್ಯಾರೆ ಏನ ಕೊಟ್ರೂ ಕಾರತಾಳ.”

“ಹಂಗಾರ ರುದ್ರವ್ವನ ಮನ್ಯಾಗ ಮಲ್ಲೂನ ಡಬ್ಬಿ ಉಳಿದಿರತೈತಿ ನೋಡು. ಅದನ್ನ ಇಸಕೊಂಡು ಬಂದು ಕುದಸಿ ಕುಡಸು. ಅದೂ ಇದ ಹಿಟ್ಟು. ಅದರಾಗ ಏನೂ ಇಲ್ಲ, ಬರೇ ಜೋಳ. ಲಗೂ ಹೋಗು!”

ನೀಲಾ, “ಹೂಂ,” ಎಂದಳು.

ದಾನಿ ದವಾಖಾನೆಯಲ್ಲಿ ಎರಡು ದಿನ ಇದ್ದಳು. ಮೈ ಸೇರಿದ್ದನ್ನು ಹೊರಗೆ ತೆಗೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ. ತುಕ್ಕಿನ ಬ್ಯಾನಿಯ ಮಕ್ಕಳ ದೇಹ ಸೆಲೆನಿಯಂ ಬಳಸುವುದರಲ್ಲಿ ಮಾತ್ರವಲ್ಲ, ಹೊರಹಾಕುವುದರಲ್ಲೂ ನಿಧಾನ ಎಂಬುದು ಆಗ ಗೊತ್ತಾಯಿತು. ಒಮ್ಮೆ ಎಚ್ಚರವಾಗಿ, “ನಾ ಬಳ್ಳೊಳ್ಳಿ ತಿಂದಿಲ್ಲ ದೊಡ್ಡವ್ವಾ, ಆಯಿಗೆ ಹೇಳ,” ಎಂದಳು. ಬನಶಂಕರಿ ಹೇಳುತ್ತೇನೆಂದಳು. ಊರಲ್ಲಿ ಜನ ಬನ್ನಿ ಹಂಚಿ ಬಂಗಾರದಂಗ ಇರೋಣ ಎಂದು ಕೈ ಮುಗಿಯುತ್ತಿದ್ದ ಹೊತ್ತಿಗೆ ದಾನಿಯ ಹೃದಯ ನಿಂತಿತು.

ಉಳಿದ ಮಕ್ಕಳು ಉಳಿದರು. ಉಗುರು, ಕೂದಲು ಹೋದರೂ ಅವರ ಡಬ್ಬಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಸಮಿತಿಯವರು ಬಂದರು, ಗೆರೆಗಳನ್ನು ನೋಡಿದರು, ಮೆಚ್ಚಿದರು. ದಾನಿಯನ್ನು ಮಣ್ಣು ಮಾಡಿದ ಮೂರನೆಯ ದಿನ, ತಂಗಿಯ ಮನೆಯ ಪಡಸಾಲೆಯಲ್ಲಿ ನಿಂತ ಮಗ್ಗಕ್ಕೆ ಒರಗಿ ಕೂತಿದ್ದ ಬನಶಂಕರಿಗೆ ಕಟ್ಟಿಯವರ ಫೋನು ಬಂತು. ದನಿ ತಗ್ಗಿಸಿಯೇ ಮಾತಾಡಿದರು. ದೊಡ್ಡ ಮನುಷ್ಯರು, ಸಾವಿನ ಮನೆಯೆಂಬ ಅರಿವಿತ್ತು.

“ಔಷಧ ಕೆಲಸ ಮಾಡ್ತದ ಅನ್ನೂದು ಸಿದ್ಧ ಆತು ನೋಡ್ರಿ. ಖಾಲಿ ಡಬ್ಬೀದು, ತುಂಬಿದ ಡಬ್ಬೀದು ಎರಡೂ ಕಡೆ ಸಾಕ್ಷಿ ಸಿಕ್ತು. ಸರಿಯಾದ ಪ್ರಮಾಣನೂ ಸಿಕ್ತು. ಆ ಹೆಂಗಸರು ಕೂಡಿಸಿ ಉಣಿಸಿದ ತಿಂಗಳದ ಲೆಕ್ಕ ಏನದ, ಕರೆಕ್ಟ್ ಅದೇ. ಅದನ್ನ ನಾವು ‘ಕಡಿಮೆ ಪ್ರಮಾಣದ ಹಂತ’ ಅಂತ ವರದಿಯೊಳಗ ತೋರಿಸಬಹುದು. ನಿಮ್ಮ ಹೆಸರು ಮೊದಲು ಹಾಕೇನಿ.”

ಅವಳು ಫೋನನ್ನು ಮಗ್ಗದ ಮೇಲಿಟ್ಟಳು. ನೀಲಾ ಒಳಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಅಕ್ಕನ ಜೊತೆ ಒಂದು ಮಾತೂ ಆಡಿರಲಿಲ್ಲ. ಅತ್ತಿರಲೂ ಇಲ್ಲ.

“ಅಕ್ಕಾ, ಮಲ್ಲೂನ ಡಬ್ಬ್ಯಾಗ ಏನೂ ಇಲ್ಲ, ಬರೇ ಜೋಳ ಅಂದ್ಯಲ್ಲ. ಅದು ನಿನಗ ಯಾವಾಗ ಗೊತ್ತಾತು?”

ಬನಶಂಕರಿ ಮಗ್ಗದ ನೂಲನ್ನು ಬೆರಳಿಗೆ ಸುತ್ತಿಕೊಂಡಳು.

“ಆಣಿ ಹಾಕಿಸಿದ್ಯಲ್ಲ, ಅದಕ್ಕ ಮೊದಲೋ, ಆಮ್ಯಾಲೋ?”

“ದಾನೀ ಸಲುವಾಗಿ ನೋಡಿದೆ ನೀಲಾ. ನಿನ್ನ ಮಗಳ ಸಲುವಾಗಿ.”

“ಮೊದಲೋ, ಆಮ್ಯಾಲೋ?”

“ಮೊದಲ.”

ನೀಲಾ ಅಕ್ಕನ ಹತ್ತಿರ ಬಂದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಬನಶಂಕರಿ ಕಾದಳು. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಅಕ್ಕನನ್ನು ದಾಟಿ ಹೋಗಿ ಬೀದಿಬಾಗಿಲು ತೆರೆದು, ಎದುರು ಮನೆಗೆ ಕೇಳುವಂತೆ ಕೂಗಿದಳು.

“ರುದ್ರವ್ವಾ, ಜರಾ ಬಾರವ್ವಾ. ನಮ್ಮಕ್ಕ ನಿನಗೇನೋ ಹೇಳಬೇಕಂತ.”

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ತರುತ್ತಾರೆ. ಅಂದು ಬುತ್ತಿಯ ಪಾಳಿ ರುದ್ರವ್ವನದೇ ಇತ್ತೋ, ಅವಳೇ ಕೇಳಿ ತೆಗೆದುಕೊಂಡಿದ್ದಳೋ, ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದೇ ಒಳಗೆ ಬಂದಳು. ಬನಶಂಕರಿಯ ಮುಖ ನೋಡಿದ್ದೇ ಬುಟ್ಟಿ ಇಳಿಸಿ ಅವಳ ಮಗ್ಗುಲಲ್ಲಿ ಕೂತಳು.

“ಏನವಸ್ಥಿ ಮಾಡಿಕೊಂಡೀಯಕ್ಕಾ? ಮೂರು ದಿನದಿಂದ ಏನೂ ಉಂಡಿಲ್ಲಂತಲ್ಲ. ನಾನೂ ಹಿಂಗ ಕುಂತಿದ್ದೆ. ಕುಂತ್ರ ಹೋದವರು ಬರತಾರೇನು? ಹೇಳೂದು ಆಮ್ಯಾಲ ಹೇಳೀಯಂತ. ಮೊದಲು ಒಂದು ತುತ್ತು ತಿನ್ನು.”

ರೊಟ್ಟಿ ಮುರಿದು, ಪಲ್ಯ ಸುತ್ತಿ, ಮಗುವಿಗೆ ಉಣಿಸುವವಳಂತೆ ಅವಳ ಬಾಯಿಯ ಹತ್ತಿರ ಹಿಡಿದಳು. ಬನಶಂಕರಿ ತಂಗಿಯ ಕಡೆ ನೋಡಿದಳು.

ನೀಲಾ ಬೀದಿಬಾಗಿಲು ಹಾಕಿ, ಚಿಲಕ ಇಕ್ಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

“ಉಣ್ಣಕ್ಕಾ,” ಎಂದಳು. “ಉಂಡು ಹೇಳು.”